ಆ ಪಟ್ಟಿ ಯಾವ ಬೆಳಗಿನದು

ಕುರ್ಸ್ಕ್ ಕದನದ ಬಗ್ಗೆ ನಾನೊಂದು ಪುಸ್ತಕ ಬರೆದೆ. ಓದಿದವರು ಹೆಚ್ಚು ಮೆಚ್ಚಿಕೊಂಡದ್ದು ಅದರ ಕೊನೆಯಲ್ಲಿದ್ದ ಪಟ್ಟಿಯನ್ನು. ಪುಸ್ತಕ ಕೆಟ್ಟದ್ದೂ ಆ ಪಟ್ಟಿಯಿಂದಲೇ. 1943ರ ಜುಲೈ 5ರಂದು ಜರ್ಮನ್ ಸೇನೆ ರಷ್ಯಾದ ಕುರ್ಸ್ಕ್ ಪ್ರದೇಶದ ಮೇಲೆ ಎರಗಿದಾಗ ಯಾವ ಡಿವಿಷನ್ ಯಾವ ಕೋರ್‌ಗೆ ಸೇರಿತ್ತು, ಆ ಕೋರ್ ಯಾರ ಮಾತು ಕೇಳುತ್ತಿತ್ತು, ಮೇಲಧಿಕಾರಿ ಯಾರು, ಟ್ಯಾಂಕು ಎಷ್ಟು ಎಂಬುದೆಲ್ಲ ಅದರಲ್ಲಿತ್ತು. ಇಂಗ್ಲಿಷಿನ ಯುದ್ಧ ಚರಿತ್ರೆಗಳಲ್ಲಿ ಇಂಥ ಪಟ್ಟಿ ಸಾಮಾನ್ಯ. ಕನ್ನಡದಲ್ಲಿ ನಾನು ಕಂಡಿರಲಿಲ್ಲ. ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳುವ ನನಗೆ, ಎರಡನೇ ಮಹಾಯುದ್ಧವೆಂದರೆ ನಮ್ಮ ಪಠ್ಯದಲ್ಲಿ ಕೆಲವೇ ಸಾಲು ಎಂಬ ಕೊರಗು ಮೊದಲಿಂದಲೂ ಇತ್ತು. ಆ ಕೊರಗಿನಿಂದ ಪುಸ್ತಕ ಹುಟ್ಟಿತು. ಪಟ್ಟಿ ಹುಟ್ಟಿದ್ದು ಹೆಮ್ಮೆಯಿಂದ.

ಆ ಜೋಡಣೆ ಹೇಗಿತ್ತೆಂದು ಮೊದಲು ಹೇಳುತ್ತೇನೆ. ಅದು ತಿಳಿಯದೆ ನನ್ನ ತಪ್ಪಿನ ಅಳತೆ ತಿಳಿಯುವುದಿಲ್ಲ.

1943ರ ಫೆಬ್ರವರಿಯಲ್ಲಿ ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನ್ ಸೇನೆ ಶರಣಾಯಿತು. ಮಾರ್ಚಿನಲ್ಲಿ ಫೀಲ್ಡ್ ಮಾರ್ಷಲ್ ಮಾನ್‌ಸ್ಟೈನ್ ಖಾರ್ಕಿವ್ ನಗರವನ್ನು ಮರಳಿ ಹಿಡಿದ. ಆಮೇಲೆ ಹಿಮ ಕರಗಿ, ರಸ್ತೆಗಳೆಲ್ಲ ಕೆಸರಾಗಿ ಎರಡೂ ಕಡೆಯವರು ಇದ್ದಲ್ಲೇ ನಿಂತರು. ಹಾಗೆ ನಿಂತ ಗೆರೆಯಲ್ಲಿ ಉತ್ತರಕ್ಕೆ ಓರಿಯೋಲ್, ದಕ್ಷಿಣಕ್ಕೆ ಬೆಲ್ಗೊರೊಡ್ ಜರ್ಮನರ ಕೈಯಲ್ಲಿದ್ದವು. ಎರಡರ ನಡುವೆ ಸೋವಿಯತ್ ನೆಲ ಪಶ್ಚಿಮಕ್ಕೆ ದೊಡ್ಡದಾಗಿ ಚಾಚಿಕೊಂಡಿತ್ತು, ಅದರ ಒಳಗೆ ಕುರ್ಸ್ಕ್ ನಗರ. ಆ ಚಾಚನ್ನು ಬುಡದಲ್ಲಿ ಎರಡೂ ಕಡೆಯಿಂದ ಕತ್ತರಿಸಿ, ಒಳಗಿದ್ದ ಸೇನೆಗಳನ್ನು ಸುತ್ತುವರಿಯುವುದು ಜರ್ಮನರ ಯೋಜನೆ. ಅದಕ್ಕೆ ಸಿಟಾಡೆಲ್ ಎಂಬ ಗುಪ್ತನಾಮ ಕೊಟ್ಟಿದ್ದರು.

ಉತ್ತರದ ಕೆಲಸ ಫೀಲ್ಡ್ ಮಾರ್ಷಲ್ ಕ್ಲೂಗೆಯ ಮಧ್ಯ ಆರ್ಮಿ ಗ್ರೂಪಿಗೆ ಸೇರಿತ್ತು. ಅದರಲ್ಲಿ ದಾಳಿ ಮಾಡಬೇಕಿದ್ದದ್ದು ವಾಲ್ಟರ್ ಮೋಡೆಲ್‌ನ 9ನೇ ಆರ್ಮಿ. ದಕ್ಷಿಣದಲ್ಲಿ ಮಾನ್‌ಸ್ಟೈನ್‌ನ ಆರ್ಮಿ ಗ್ರೂಪ್. ಅವನ ಕೈಕೆಳಗೆ ಹೆರ್ಮನ್ ಹೋಥ್‌ನ 4ನೇ ಪಾಂಜರ್, ಅಂದರೆ ಟ್ಯಾಂಕ್, ಆರ್ಮಿ, ಅದರ ಬಲಬದಿ ಕಾಯಲು ಜನರಲ್ ಕೆಂಪ್ಫ್‌ನ ಹೆಸರಿನ ಇನ್ನೊಂದು ಪಡೆ. ಪಶ್ಚಿಮದ ಮುಖದಲ್ಲಿ 2ನೇ ಆರ್ಮಿ ಸುಮ್ಮನೆ ಗೆರೆ ಹಿಡಿದು ನಿಂತಿತ್ತು. ಹೋಥ್‌ನ ಹತ್ತಿರ ಮೂರು ಕೋರ್. ಎಡಕ್ಕೆ 52ನೇ ಕೋರ್, ಪದಾತಿಯದು. ನಡುವೆ ಕ್ನೊಬೆಲ್ಸ್‌ಡೋರ್ಫ್‌ನ 48ನೇ ಪಾಂಜರ್ ಕೋರ್: 3ನೇ ಮತ್ತು 11ನೇ ಪಾಂಜರ್ ಡಿವಿಷನ್, ಗ್ರೋಸ್‌ಡಾಯ್ಚ್‌ಲಾಂಡ್ ಡಿವಿಷನ್, 167ನೇ ಪದಾತಿ ಡಿವಿಷನ್. ಬಲಕ್ಕೆ ಪೌಲ್ ಹೌಸರ್‌ನ 2ನೇ ಎಸ್‌ಎಸ್ ಪಾಂಜರ್ ಕೋರ್: ಲೈಬ್‌ಸ್ಟಾಂಡಾರ್ಟೆ, ದಾಸ್ ರೈಖ್, ಟೋಟೆನ್‌ಕೋಪ್ಫ್ ಎಂಬ ಮೂರು ಡಿವಿಷನ್. ಎಸ್‌ಎಸ್ ಎಂದರೆ ಸಾಮಾನ್ಯ ಸೇನೆಯಿಂದ ಬೇರೆಯಾದ, ನಾತ್ಸಿ ಪಕ್ಷದ ಸಶಸ್ತ್ರ ಪಡೆ. ಕೆಂಪ್ಫ್‌ನ ಪಡೆಯಲ್ಲಿ ಬ್ರೈಟ್‌ನ 3ನೇ ಪಾಂಜರ್ ಕೋರ್, ಅದರಲ್ಲಿ 6, 7 ಮತ್ತು 19ನೇ ಪಾಂಜರ್ ಡಿವಿಷನ್. ಜೊತೆಗೆ ಪದಾತಿಯ ಇನ್ನೆರಡು ಕೋರ್.

ಇದಿಷ್ಟನ್ನು ಒಂದು ಮರದ ಹಾಗೆ ಮೇಲಿಂದ ಕೆಳಕ್ಕೆ ಬರೆದೆ. ಕೋರ್‌ಗೆ ರೋಮನ್ ಅಂಕಿ, ಡಿವಿಷನ್‌ಗೆ ಸಾಮಾನ್ಯ ಅಂಕಿ, ರೆಜಿಮೆಂಟಿನೊಳಗಿನ ಬೆಟಾಲಿಯನ್‌ಗೆ ಮತ್ತೆ ರೋಮನ್ ಅಂಕಿ. ನಲವತ್ತಕ್ಕೆ ಹತ್ತರ ಗುರುತನ್ನು ನಾಲ್ಕು ಸಲ ಬರೆಯುವ ಜರ್ಮನರ ಪದ್ಧತಿಯನ್ನೂ ಬಿಡದೆ ಕಲಿತೆ. ಪ್ರತಿ ಡಿವಿಷನ್ ಎದುರು ಟ್ಯಾಂಕಿನ ಸಂಖ್ಯೆ ಹಾಕಿದೆ, ಕೆಳಗೆ ಮೊತ್ತ ಕೂಡಿಸಿದೆ. ಕೆಲವು ಕಡೆ ಬೆಟಾಲಿಯನ್ ಮುಖ್ಯಸ್ಥರ ಹೆಸರಿನವರೆಗೂ ಇಳಿದೆ. ಪುಸ್ತಕದ ನಡುವಿನ ಅಧ್ಯಾಯಗಳನ್ನು ಬರೆದದ್ದು ಈ ಪಟ್ಟಿಯನ್ನು ಎದುರಿಗಿಟ್ಟುಕೊಂಡೇ. ಜುಲೈ 12ರ ಪ್ರೊಖೊರೊವ್ಕಾ ಕದನಕ್ಕೆ ಬಂದಾಗ, ನೂರಾರು ಟೈಗರ್ ಮತ್ತು ಪ್ಯಾಂಥರ್ ಟ್ಯಾಂಕುಗಳು ಸೋವಿಯತ್ ಟ್ಯಾಂಕುಗಳ ಮೇಲೆ ನುಗ್ಗಿದವು, ಸಮಬಲದ ಎರಡು ಸೇನೆಗಳು ಹೊಲದ ನಡುವೆ ಡಿಕ್ಕಿ ಹೊಡೆದವು ಎಂದು ಬರೆದೆ. ಬರೆಯುವಾಗ ಮೈ ಬಿಸಿಯಾಗಿತ್ತು.

ಪುಸ್ತಕ ಬಂದ ಸ್ವಲ್ಪ ದಿನಕ್ಕೆ ಹಾಸನದ ಹತ್ತಿರದ ಹಳ್ಳಿಯಿಂದ ಒಂದು ಪತ್ರ ಬಂತು. ಬರೆದವರು ಸೇನೆಯಿಂದ ನಿವೃತ್ತರಾದ ಹಿರಿಯರು. ನಮ್ಮ ಸೇನೆಯ ವಾಹನ, ಟ್ಯಾಂಕುಗಳನ್ನು ದುರಸ್ತಿ ಮಾಡುವ ಇಎಂಇ ದಳದಲ್ಲಿ ಸುಬೇದಾರರಾಗಿದ್ದವರು. ಕೆಟ್ಟು ನಿಂತ ಟ್ಯಾಂಕುಗಳನ್ನು ಎಳೆದು ತಂದು ರಿಪೇರಿ ಮಾಡಿಸುವುದು ಅವರ ಜೀವಮಾನದ ಕೆಲಸವಾಗಿತ್ತು. ಅವರು ಬರೆದದ್ದು ಇಷ್ಟೇ: “ಮೇಷ್ಟ್ರೇ, ನಿಮ್ಮ ಪಟ್ಟಿ ಚೆನ್ನಾಗಿದೆ. ಆದರೆ ಇದು ಯಾವ ಬೆಳಗಿನ ಪಟ್ಟಿ ಅಂತ ಎಲ್ಲೂ ಹಾಕಿಲ್ಲ. ಟ್ಯಾಂಕ್ ರೆಜಿಮೆಂಟಿನಲ್ಲಿ ದಿನಾ ಬೆಳಿಗ್ಗೆ ಲೆಕ್ಕ ಬದಲಾಗುತ್ತೆ. ಕೆಟ್ಟು ನಿಂತಿದ್ದನ್ನು ಎಳೆದು ತರೋರು ಯಾರು ಅಂತಲೂ ಪಟ್ಟಿಯಲ್ಲಿ ಇಲ್ಲ.”

ನಾನು ವಿನಯದಿಂದ ಉತ್ತರ ಬರೆದೆ, ಧನ್ಯವಾದ ಹೇಳಿದೆ. ಪತ್ರವನ್ನು ಎತ್ತಿಟ್ಟೆ. ದುರಸ್ತಿ ಕೆಲಸದವರು ಯುದ್ಧವನ್ನು ದುರಸ್ತಿಯ ಕಡೆಯಿಂದಲೇ ನೋಡುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ. ಎರಡನೇ ಮುದ್ರಣಕ್ಕೆ ಪ್ರಕಾಶಕರು ತಿದ್ದುಪಡಿ ಇದೆಯೇ ಎಂದು ಕೇಳಿದಾಗ ಒಂದೆರಡು ಅಕ್ಷರದೋಷ ಹೇಳಿ ಮುಗಿಸಿದೆ. ಅಷ್ಟು ಹೊತ್ತಿಗೆ ನನಗೆ ಒಳಗೆ ಅನುಮಾನ ಬಂದಿತ್ತು. ಪಟ್ಟಿಯನ್ನು ಮುಟ್ಟಿದರೆ ಅದರ ಮೇಲೆ ಕಟ್ಟಿದ ಅಧ್ಯಾಯವೂ ಅಲುಗುತ್ತದೆ ಎಂಬ ಭಯಕ್ಕೆ ಕೈ ಹಚ್ಚಲಿಲ್ಲ. ತಿಳಿಯದೆ ಮಾಡಿದ್ದು ಮೊದಲ ಮುದ್ರಣ. ಎರಡನೆಯದು ಹಾಗಲ್ಲ.

ಅದರ ಬೆಲೆಯನ್ನು ಬೇರೊಬ್ಬರು ತೆತ್ತರು. ನನ್ನ ಹಳೆಯ ವಿದ್ಯಾರ್ಥಿನಿ ಎಂಎ ಓದುತ್ತಿದ್ದಳು. ವಿಚಾರ ಸಂಕಿರಣದಲ್ಲಿ ಪ್ರಬಂಧ ಓದುವಾಗ ಪ್ರೊಖೊರೊವ್ಕಾದ ಪ್ಯಾಂಥರ್‌ಗಳ ಬಗ್ಗೆ ನನ್ನ ಮಾತನ್ನೇ ಹೇಳಿದಳು. ಸಭೆಯಲ್ಲಿದ್ದ ಪ್ರಾಧ್ಯಾಪಕರೊಬ್ಬರು ಎದ್ದು, ಅಲ್ಲಿ ಪ್ಯಾಂಥರ್ ಇರಲೇ ಇಲ್ಲವಲ್ಲಮ್ಮ ಎಂದರು. ಅವಳು “ನಮ್ಮ ಮೇಷ್ಟ್ರ ಪುಸ್ತಕದಲ್ಲಿದೆ ಸರ್” ಎಂದು ನಿಂತಳಂತೆ. ಅವಳೇ ಬಂದು ಇದನ್ನು ಹೇಳಿದಾಗ ಅವಳ ದನಿಯಲ್ಲಿ ದೂರು ಇರಲಿಲ್ಲ, ನಾನು ಏನಾದರೂ ಸಮಾಧಾನ ಹೇಳಿಯೇನು ಎಂಬ ನಿರೀಕ್ಷೆ ಇತ್ತು. ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ಆ ವಾರವೇ ಹಾಸನದ ಬಸ್ಸು ಹತ್ತಿದೆ.

“ಬನ್ನಿ ಮೇಷ್ಟ್ರೇ, ಕೂತ್ಕೊಳ್ಳಿ” ಎಂದರು ಸುಬೇದಾರರು. ಪತ್ರವನ್ನು ಕಡೆಗಣಿಸಿದ್ದಕ್ಕೆ ಕ್ಷಮೆ ಕೇಳಿದೆ. ಅವರು ಅದಕ್ಕೆ ಮಾತು ಕೊಡದೆ ನನ್ನ ಪುಸ್ತಕ ತರಿಸಿ, ಪಟ್ಟಿಯ ಪುಟ ತೆಗೆದು, “ಡಿಪೋದ ರಿಜಿಸ್ಟರಿನಲ್ಲಿ ಹತ್ತು ಬಸ್ಸು ಇದ್ದರೆ ಬೆಳಿಗ್ಗೆ ಹತ್ತೂ ರೂಟಿಗೆ ಹೋಗ್ತವಾ?” ಎಂದು ಕೇಳಿದರು. ಆಮೇಲೆ ಎರಡು ಪ್ರಶ್ನೆ ಬರೆದುಕೊಳ್ಳಲು ಹೇಳಿದರು. ಆ ದಿನ ಬೆಳಿಗ್ಗೆ ಓಡುವ ಸ್ಥಿತಿಯಲ್ಲಿದ್ದವು ಎಷ್ಟು? ಸಂಜೆ ಆ ನೆಲ ಯಾರ ಕೈಯಲ್ಲಿತ್ತು? ಈ ಎರಡಕ್ಕೆ ಉತ್ತರ ಹುಡುಕಿದರೆ ಉಳಿದದ್ದು ತಾನೇ ಗೊತ್ತಾಗುತ್ತದೆ ಎಂದರು. ಹಾಗೆಯೇ ಆಯಿತು. ಆದರೆ ಅದು ಬಹಳ ಕಾಲ ಹಿಡಿಯಿತು.

ಪ್ಯಾಂಥರ್‌ನಿಂದ ಶುರು ಮಾಡಿದೆ, ಏಕೆಂದರೆ ಅಲ್ಲಿ ನನ್ನ ತಪ್ಪು ಅತಿ ದೊಡ್ಡದು. ಸಿಟಾಡೆಲ್ ದಾಳಿ ಮೇ ತಿಂಗಳಲ್ಲೇ ಆಗಬೇಕಿತ್ತು. ಹಿಟ್ಲರ್ ಮತ್ತೆ ಮತ್ತೆ ಮುಂದೂಡಿದ್ದರ ಒಂದು ಕಾರಣ ಈ ಹೊಸ ಟ್ಯಾಂಕು ಬರಲಿ ಎಂಬುದು. ಆ ಎರಡು ತಿಂಗಳಲ್ಲಿ ಸೋವಿಯತ್ ಸೇನೆ ಮತ್ತು ಆ ಭಾಗದ ಜನ ಸಾಲು ಸಾಲಾಗಿ ಕಂದಕ ತೋಡಿದರು, ಲಕ್ಷಾಂತರ ನೆಲಬಾಂಬು ಹೂತರು. ಕೊನೆಗೆ ಬಂದ ಪ್ಯಾಂಥರ್ 200. 51 ಮತ್ತು 52ನೇ ಬೆಟಾಲಿಯನ್‌ಗಳಾಗಿ, 39ನೇ ಪಾಂಜರ್ ರೆಜಿಮೆಂಟ್ ಎಂಬ ಹೆಸರಿನ ಕೆಳಗೆ, ಅದರ ಮೇಲೆ 10ನೇ ಪಾಂಜರ್ ಬ್ರಿಗೇಡ್ ಎಂಬ ಇನ್ನೊಂದು ಹೆಸರಿನ ಕೆಳಗೆ ಬಂದವು. ನನ್ನ ಪಟ್ಟಿಯಲ್ಲಿ ಈ ಮೂರೂ ಹೆಸರು ನೀಟಾಗಿ ಒಂದರ ಕೆಳಗೊಂದು ಇದ್ದವು. ನಿಜದಲ್ಲಿ ಅವು ರೈಲಿನಿಂದ ಇಳಿದದ್ದು ದಾಳಿಗೆ ಕೆಲವೇ ದಿನ ಮುಂಚೆ. ದೊಡ್ಡ ಗುಂಪಾಗಿ ಅಭ್ಯಾಸ ಮಾಡಿರಲಿಲ್ಲ. ಬ್ರಿಗೇಡಿನ ಕಚೇರಿ ಸಮಯಕ್ಕೆ ಮುಟ್ಟಲಿಲ್ಲ. ಗ್ರೋಸ್‌ಡಾಯ್ಚ್‌ಲಾಂಡ್‌ನ ಟ್ಯಾಂಕ್ ರೆಜಿಮೆಂಟಿನ ಮುಖ್ಯಸ್ಥ ಕೌಂಟ್ ಸ್ಟ್ರಾಖ್‌ವಿಟ್ಸ್, ಬ್ರಿಗೇಡಿನ ಕರ್ನಲ್ ಡೆಕ್ಕರ್, ಇವರಿಬ್ಬರಲ್ಲಿ ಯಾರ ಆಜ್ಞೆ ನಡೆಯಬೇಕೆಂಬುದೇ ಜಗಳವಾಯಿತು. ರೈಲು ನಿಲ್ದಾಣದಿಂದ ಮುಂಚೂಣಿಗೆ ಬರುವ ದಾರಿಯಲ್ಲೇ ಎರಡು ಪ್ಯಾಂಥರ್ ಎಂಜಿನ್ನಿಗೆ ಬೆಂಕಿ ಬಿದ್ದು ಸುಟ್ಟವು. ಮೊದಲ ದಿನ ಚೆರ್ಕಾಸ್ಕೋಯೆ ಗ್ರಾಮದ ಮುಂದಿನ ಕೊರಕಲಿನಲ್ಲಿ ಕೆಸರು ಮತ್ತು ನೆಲಬಾಂಬುಗಳ ನಡುವೆ ಸಿಕ್ಕಿಕೊಂಡವು.

ಜುಲೈ 10ರ ಸಂಜೆಗೆ ಓಡುವ ಸ್ಥಿತಿಯಲ್ಲಿ ಉಳಿದಿದ್ದ ಪ್ಯಾಂಥರ್ ಸುಮಾರು 10. ಉಳಿದವೆಲ್ಲ ಸುಟ್ಟು ಹೋಗಿರಲಿಲ್ಲ. ಬಹುಪಾಲು ಎಲ್ಲೆಲ್ಲೋ ನಿಂತು ದುರಸ್ತಿಗೆ ಕಾಯುತ್ತಿದ್ದವು. ನಾನು ಈ 200ನ್ನು ಜುಲೈ 12ಕ್ಕೆ ಹಾಗೇ ಎತ್ತಿ ಪ್ರೊಖೊರೊವ್ಕಾದಲ್ಲಿ ಇಟ್ಟಿದ್ದೆ. ಅವು 48ನೇ ಪಾಂಜರ್ ಕೋರ್‌ನಲ್ಲಿದ್ದವು, ಒಬೊಯಾನ್ ರಸ್ತೆಯ ಕಡೆ, ಪಶ್ಚಿಮಕ್ಕೆ. ಪ್ರೊಖೊರೊವ್ಕಾದಲ್ಲಿ ಹೋರಾಡಿದ್ದು ಹೌಸರ್‌ನ ಎಸ್‌ಎಸ್ ಕೋರ್. ಕುರ್ಸ್ಕ್‌ನಲ್ಲಿ ಎಸ್‌ಎಸ್ ಡಿವಿಷನ್‌ಗಳ ಹತ್ತಿರ ಒಂದೂ ಪ್ಯಾಂಥರ್ ಇರಲಿಲ್ಲ. ನನ್ನದೇ ಪಟ್ಟಿಯಲ್ಲಿ ಇದು ಸರಿಯಾಗಿತ್ತು ಎಂಬುದು ನನ್ನನ್ನು ಈಗಲೂ ಚುಚ್ಚುತ್ತದೆ. ಪಟ್ಟಿಯನ್ನು ಬರೆದವನೇ ಅದನ್ನು ಓದಿರಲಿಲ್ಲ. ಹೆಸರುಗಳನ್ನು ಜೋಡಿಸುವ ಸಂತೋಷದಲ್ಲಿ, ಎರಡು ಹೆಸರುಗಳ ನಡುವೆ ನೆಲವಿದೆ, ನದಿಯಿದೆ, ಇಪ್ಪತ್ತು ಮೂವತ್ತು ಕಿಲೋಮೀಟರ್ ಇದೆ ಎಂಬುದನ್ನು ಮರೆತಿದ್ದೆ.

ಟೈಗರ್‌ಗಳ ಕಥೆಯೂ ಹೀಗೆಯೇ. ಇಡೀ ಸಿಟಾಡೆಲ್‌ನಲ್ಲಿ ಅವು 150 ಕೂಡ ಇರಲಿಲ್ಲ. ಉತ್ತರದಲ್ಲಿ ಮೋಡೆಲ್‌ಗೆ 505ನೇ ಭಾರಿ ಟ್ಯಾಂಕ್ ಬೆಟಾಲಿಯನ್, ದಕ್ಷಿಣದಲ್ಲಿ ಕೆಂಪ್ಫ್‌ಗೆ 503ನೇ ಬೆಟಾಲಿಯನ್, ಎಸ್‌ಎಸ್ ಡಿವಿಷನ್‌ಗಳಿಗೂ ಗ್ರೋಸ್‌ಡಾಯ್ಚ್‌ಲಾಂಡ್‌ಗೂ ತಲಾ ಒಂದು ಕಂಪನಿ. 503ರ 45 ಟೈಗರ್‌ಗಳನ್ನು ಒಟ್ಟಿಗೆ ಇಡಬೇಕಿತ್ತು. ಬದಲಿಗೆ ಮೂರು ಪಾಂಜರ್ ಡಿವಿಷನ್‌ಗಳಿಗೆ ಒಂದೊಂದು ಕಂಪನಿಯಂತೆ ಹಂಚಿದರು. ದೊನೆಟ್ಸ್ ನದಿ ದಾಟಿದ ಮೊದಲ ದಿನವೇ ಒಂದು ಕಂಪನಿಯ ಬಹುತೇಕ ಟೈಗರ್‌ಗಳು ನೆಲಬಾಂಬಿಗೆ ಸಿಕ್ಕಿ ನಿಂತವು. ಅವುಗಳಲ್ಲಿ ಜರ್ಮನರೇ ಹೂತು ಸರಿಯಾಗಿ ಗುರುತು ಹಾಕದ ನೆಲಬಾಂಬುಗಳೂ ಇದ್ದವು. ಜುಲೈ 11ರ ರಾತ್ರಿ, ಅಂದರೆ ಪ್ರೊಖೊರೊವ್ಕಾದ ಮುನ್ನಾ ರಾತ್ರಿ, ಮೂರೂ ಎಸ್‌ಎಸ್ ಡಿವಿಷನ್ ಸೇರಿ ಓಡುತ್ತಿದ್ದ ಟೈಗರ್ 15ರ ಆಸುಪಾಸು. ಸೋವಿಯತ್ ಹೊಡೆತದ ಮುಖ್ಯ ಭಾರ ಬಿದ್ದ ಲೈಬ್‌ಸ್ಟಾಂಡಾರ್ಟೆಯಲ್ಲಿ ನಾಲ್ಕು. ಆ ಡಿವಿಷನ್ನಿನ ಒಟ್ಟು ಟ್ಯಾಂಕುಗಳೇ 70ರ ಹತ್ತಿರ. ಪಕ್ಕದ ದಾಸ್ ರೈಖ್‌ನ ಸಾಲಿನಲ್ಲಿ ಖಾರ್ಕಿವ್‌ನಲ್ಲಿ ವಶಪಡಿಸಿಕೊಂಡ ಸೋವಿಯತ್ ಟಿ-34 ಟ್ಯಾಂಕುಗಳೂ ಇದ್ದವು. ಇದನ್ನು ಯಾವ ಮುದ್ದಾದ ಮರದ ನಕ್ಷೆಯೂ ತೋರಿಸುವುದಿಲ್ಲ.

ಇನ್ನೊಂದು ತಪ್ಪು ಎರಡು ಸೇನೆಗಳನ್ನು ಹೋಲಿಸಿದ್ದರಲ್ಲಿ. ಜರ್ಮನ್ ಕಡೆ ಒಂದು ಪಾಂಜರ್ ಕೋರ್, ಸೋವಿಯತ್ ಕಡೆ ಐದು ಟ್ಯಾಂಕ್ ಕೋರ್ ಎಂದು ಎಣಿಸಿ, ಒಂದಕ್ಕೆ ಐದು ಎಂಬ ತೀರ್ಮಾನದಿಂದ ಒಂದು ಕಡೆ ಬರೆದೆ. ಟ್ಯಾಂಕಿನ ಲೆಕ್ಕ ಹಾಕುವಾಗ ಇನ್ನೊಂದು ಕಡೆ ಸಮಬಲ ಎಂದೂ ಬರೆದೆ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ ಎಂದು ಹೊಳೆದಿರಲಿಲ್ಲ. ಸೋವಿಯತ್ ಟ್ಯಾಂಕ್ ಕೋರ್ ಎಂದರೆ ಮೂರು ಟ್ಯಾಂಕ್ ಬ್ರಿಗೇಡ್, ಒಂದು ಮೋಟಾರು ಪದಾತಿ ಬ್ರಿಗೇಡ್, ಸುಮಾರು 200 ಟ್ಯಾಂಕು. ಹೆಸರು ಕೋರ್ ಆದರೂ ಗಾತ್ರದಲ್ಲಿ ಅದು ಜರ್ಮನರ ಡಿವಿಷನ್ನಿಗೆ ಹತ್ತಿರ. ಅದರ ಬ್ರಿಗೇಡ್ ಜರ್ಮನರ ಬೆಟಾಲಿಯನ್ನಿಗೆ ಹತ್ತಿರ. ಪ್ರೊಖೊರೊವ್ಕಾದಲ್ಲಿ ಹೋರಾಡಿದ ಸೋವಿಯತ್ ಜನರಲ್ ರೊಟ್ಮಿಸ್ಟ್ರೊವ್‌ನ 5ನೇ ಗಾರ್ಡ್ಸ್ ಟ್ಯಾಂಕ್ ಆರ್ಮಿಯನ್ನು ಹೌಸರ್‌ನ ಕೋರ್ ಜೊತೆ ಇಟ್ಟು ನೋಡಬೇಕು, ಆರ್ಮಿ ಎಂಬ ಹೆಸರು ನೋಡಿ ಹೋಥ್‌ನ ಆರ್ಮಿ ಜೊತೆಗಲ್ಲ.

ಇದನ್ನು ಸರಿಮಾಡಿಕೊಂಡ ಮೇಲೆ ಪ್ರೊಖೊರೊವ್ಕಾ ನನ್ನ ಕಣ್ಣಮುಂದೆ ಬೇರೆಯಾಗಿ ನಿಂತಿತು. ರೊಟ್ಮಿಸ್ಟ್ರೊವ್‌ನ ಟ್ಯಾಂಕುಗಳು ದೂರದಿಂದ ರಾತ್ರಿ ಹಗಲು ನಡೆದು ಬಂದಿದ್ದವು. ಪ್ಸೆಲ್ ನದಿಗೂ ರೈಲು ಹಳಿಗೂ ನಡುವಿನ ಇಕ್ಕಟ್ಟಾದ ಬಯಲಲ್ಲಿ ಅವು ನುಗ್ಗಿದವು. ಅಲ್ಲಿ ಅಡ್ಡಲಾಗಿದ್ದ ಆಳವಾದ ಕಂದಕ ಸೋವಿಯತ್ ಸೇನೆಯೇ ಮೊದಲು ತೋಡಿಸಿದ್ದು. ವೇಗದಲ್ಲಿ ಬಂದ ಟ್ಯಾಂಕುಗಳು ಅದರೊಳಗೆ ಬಿದ್ದವು, ದಾರಿ ಹುಡುಕುತ್ತ ಒಂದೇ ಕಡೆ ಗುಂಪುಗಟ್ಟಿದವು, ಗುಂಡಿಗೆ ಸಿಕ್ಕವು. ಆ ದಿನ ಸೋವಿಯತ್ ಕಡೆ ನಷ್ಟವಾದ ಟ್ಯಾಂಕುಗಳ ಸಂಖ್ಯೆ ನೂರಾರು. ಜರ್ಮನರು ಪೂರ್ತಿಯಾಗಿ ಕಳೆದುಕೊಂಡದ್ದು ಬಹಳ ಕಡಿಮೆ. ಸುಬೇದಾರರ ಎರಡನೇ ಪ್ರಶ್ನೆಯ ಅರ್ಥ ನನಗೆ ಆಗ ಬಿಚ್ಚಿಕೊಂಡಿತು. ಸಂಜೆ ಆ ಹೊಲ ಜರ್ಮನರ ಕೈಯಲ್ಲಿತ್ತು. ಪೆಟ್ಟು ತಿಂದ ತಮ್ಮ ಟ್ಯಾಂಕುಗಳನ್ನು ಅವರು ಎಳೆದೊಯ್ದು ಮತ್ತೆ ಓಡಿಸಿದರು. ಮೂರು ವಾರ ಕಳೆದ ಮೇಲೆ, ಸೋವಿಯತ್ ಸೇನೆ ಮುನ್ನುಗ್ಗಿ ಆಗಸ್ಟ್ 5ರಂದು ಬೆಲ್ಗೊರೊಡ್ ಹಿಡಿಯುವ ಹೊತ್ತಿಗೆ, ದುರಸ್ತಿಗೆ ಕಾದು ನಿಂತಿದ್ದ ಪ್ಯಾಂಥರ್‌ಗಳನ್ನು ಅದೇ ಜರ್ಮನರು ಬಿಟ್ಟು ಹೋಗಬೇಕಾಯಿತು. 57 ಟನ್ ತೂಗುವ ಒಂದು ಟೈಗರ್ ಎಳೆಯಲು 18 ಟನ್ ವರ್ಗದ ಎಳೆಗಾಡಿ ಮೂರು ಬೇಕಾಗುತ್ತಿದ್ದವು. ಉತ್ತರದ ಪೊನಿರಿಯಲ್ಲಿ ನೆಲಬಾಂಬಿನ ಮೇಲೆ ಹತ್ತಿದ 65 ಟನ್ನಿನ, ಟ್ಯಾಂಕ್ ನಾಶಕಗಳಾದ ಫರ್ಡಿನಾಂಡ್‌ಗಳಲ್ಲಿ ಎಷ್ಟನ್ನೋ ಎಳೆಯಲಾಗದೆ ಅಲ್ಲೇ ಬಿಟ್ಟರು. ನನ್ನ ಪಟ್ಟಿಯಲ್ಲಿ 89 ಫರ್ಡಿನಾಂಡ್‌ಗಳಿದ್ದವು. ಎಳೆಗಾಡಿ ಒಂದೂ ಇರಲಿಲ್ಲ.

ಒಂದು ಮಾತು ಇಲ್ಲಿ ಹೇಳಿಬಿಡಬೇಕು. ಪ್ರೊಖೊರೊವ್ಕಾದ ಹಳೆಯ ಕಥೆ ಸುಳ್ಳಾದರೆ ಕುರ್ಸ್ಕ್‌ನಲ್ಲಿ ಜರ್ಮನರು ಗೆದ್ದರು ಎಂದಾಗುವುದಿಲ್ಲ. ಈಚೆಗೆ ಹಾಗೆ ವಾದಿಸುವವರನ್ನು ನೋಡುತ್ತೇನೆ, ಬೇಸರವಾಗುತ್ತದೆ. ಉತ್ತರದಲ್ಲಿ ಮೋಡೆಲ್ ಹತ್ತು ಹನ್ನೆರಡು ಕಿಲೋಮೀಟರ್ ಒಳಹೊಕ್ಕು ನಿಂತ. ದಕ್ಷಿಣದಲ್ಲಿ 35 ಕಿಲೋಮೀಟರ್‌ನಷ್ಟು ಹೋದರೂ ಕುರ್ಸ್ಕ್ ಕಾಣಲಿಲ್ಲ. ಜುಲೈ 10ಕ್ಕೆ ಮಿತ್ರ ಸೇನೆ ಸಿಸಿಲಿಯಲ್ಲಿ ಇಳಿಯಿತು. 12ಕ್ಕೆ ಸೋವಿಯತ್ ಸೇನೆ ಓರಿಯೋಲ್ ಕಡೆ ತಿರುಗಿಬಿದ್ದು ಮೋಡೆಲ್‌ನ ಬೆನ್ನಿಗೆ ಬಂತು. 13ರಂದು ಹಿಟ್ಲರ್ ಕ್ಲೂಗೆ ಮತ್ತು ಮಾನ್‌ಸ್ಟೈನ್‌ರನ್ನು ಕರೆಸಿ ದಾಳಿ ನಿಲ್ಲಿಸುವ ತೀರ್ಮಾನ ಹೇಳಿದ. ಅಲ್ಲಿಂದ ಮುಂದೆ ಪೂರ್ವರಂಗದಲ್ಲಿ ಜರ್ಮನರ ಹೆಜ್ಜೆ ಹಿಂದಕ್ಕೇ.

ಪಟ್ಟಿಯನ್ನು ಮತ್ತೆ ಬರೆಯಲು ಕೂತಾಗ ಪ್ರತಿ ಹೆಸರಿನ ಬೆನ್ನು ಹತ್ತಿದೆ. ಮೋಡೆಲ್‌ನ 46ನೇ ಪಾಂಜರ್ ಕೋರ್‌ನಲ್ಲಿ ಒಂದೂ ಪಾಂಜರ್ ಡಿವಿಷನ್ ಇರಲಿಲ್ಲ. ಇದ್ದವು 7, 31, 102 ಮತ್ತು 258ನೇ ಪದಾತಿ ಡಿವಿಷನ್. ಎಲ್ಲರಿಗಿಂತ ಹೆಚ್ಚು ಟ್ಯಾಂಕಿದ್ದ ಗ್ರೋಸ್‌ಡಾಯ್ಚ್‌ಲಾಂಡ್ ಕಾಗದದಲ್ಲಿ ಪಾಂಜರ್‌ಗ್ರೆನೇಡಿಯರ್ ಡಿವಿಷನ್, ಅಂದರೆ ವಾಹನದ ಮೇಲೆ ಸಾಗುವ ಪದಾತಿ. ಮೂರು ಎಸ್‌ಎಸ್ ಡಿವಿಷನ್‌ಗಳದ್ದೂ ಆಗ ಅದೇ ವರ್ಗ. ಅವಕ್ಕೆ ಪಾಂಜರ್ ಡಿವಿಷನ್ ಎಂಬ ಹೆಸರು ಬಂದದ್ದು ಅಕ್ಟೋಬರ್‌ನಲ್ಲಿ. 1942ರಲ್ಲಿ ಅನೇಕ ಪದಾತಿ ಡಿವಿಷನ್‌ಗಳನ್ನು ಒಂಬತ್ತು ಬೆಟಾಲಿಯನ್‌ನಿಂದ ಆರಕ್ಕೆ ಇಳಿಸಿದ್ದರು. ಡಿವಿಷನ್ ಎಂಬ ಹೆಸರು ಮಾತ್ರ ಹಾಗೇ ಉಳಿಯಿತು. 167ನೇ ಡಿವಿಷನ್ ಎರಡು ಕೋರ್‌ಗಳ ನಡುವೆ ಹಂಚಿಹೋಗಿತ್ತು. ದಾಳಿಯ ಹೊತ್ತಿಗೆ ಪಾಂಜರ್ ಡಿವಿಷನ್ ಎಂಬುದೂ ನಕ್ಷೆಯಲ್ಲಿ ಕಾಣುವ ರೂಪದಲ್ಲಿ ಹೋರಾಡುತ್ತಿರಲಿಲ್ಲ. ಅದರ ಟ್ಯಾಂಕ್ ರೆಜಿಮೆಂಟು, ಕವಚದ ವಾಹನದಲ್ಲಿ ಸಾಗುವ ಒಂದು ಬೆಟಾಲಿಯನ್, ತಾನೇ ಚಲಿಸುವ ಫಿರಂಗಿಗಳು, ನೆಲಬಾಂಬು ತೆಗೆಯುವ ಪಯನೀರ್‌ಗಳು ಸೇರಿ ಆ ದಿನದ ಕೆಲಸಕ್ಕೆ ತಕ್ಕ ಒಂದು ಗುಂಪಾಗುತ್ತಿತ್ತು. ಮರುದಿನ ಬೇರೆ ಗುಂಪು, ಬೇರೆ ಮುಖ್ಯಸ್ಥ. ಜರ್ಮನ್ ಸೇನೆಯ ಶಕ್ತಿ ಇದ್ದದ್ದು ಹೀಗೆ ಒಡೆದು ಕಟ್ಟುವ ಅಭ್ಯಾಸದಲ್ಲಿ ಎಂದು ನನಗೆ ಈಗ ಅನಿಸುತ್ತದೆ. ನಾನು ಅದನ್ನು ಗಟ್ಟಿ ಕಟ್ಟಡದ ಹಾಗೆ ಬರೆದಿದ್ದೆ.

ಈ ತಿದ್ದುವ ಕೆಲಸಕ್ಕೆ ಆ ವಿದ್ಯಾರ್ಥಿನಿಯೇ ಜೊತೆಯಾದಳು. ಕೇಳಿಕೊಳ್ಳಲು ನನಗೆ ಮುಖವಿರಲಿಲ್ಲ, ಅವಳೇ ಬಂದಳು. ಒಂದು ಸಂಜೆ ಟೋಟೆನ್‌ಕೋಪ್ಫ್ ಡಿವಿಷನ್ನಿನ ಕೆಳಗಿದ್ದ ರೆಜಿಮೆಂಟುಗಳನ್ನು ಓದಿ ಹೇಳುತ್ತಿದ್ದವಳು ನಿಂತು, “ಸರ್, ಈ ರೆಜಿಮೆಂಟಿಗೆ ಥಿಯೋಡೋರ್ ಐಕೆ ಅಂತ ಒಬ್ಬರ ಹೆಸರಿದೆಯಲ್ಲ, ಅವರು ಯಾರು?” ಎಂದು ಕೇಳಿದಳು.

ನನಗೆ ಗೊತ್ತಿತ್ತು. ಎರಡು ಮುದ್ರಣಗಳಲ್ಲಿ ಆ ಹೆಸರನ್ನು ಅಚ್ಚು ಮಾಡಿದ್ದೆ, ಒಂದು ಅಡಿಟಿಪ್ಪಣಿ ಹಾಕಿರಲಿಲ್ಲ. ಐಕೆ 1933ರಿಂದ ಡಖಾವ್ ಯಾತನಾ ಶಿಬಿರದ ಮುಖ್ಯಸ್ಥ. ಕೈದಿಗಳನ್ನು ಹೊಡೆಯುವ, ನೇಣಿಗೇರಿಸುವ ನಿಯಮಗಳನ್ನು ಬರೆದವನು. ಆಮೇಲೆ ಎಲ್ಲ ಯಾತನಾ ಶಿಬಿರಗಳ ಮೇಲ್ವಿಚಾರಕ. 1939ರಲ್ಲಿ ಶಿಬಿರಗಳ ಕಾವಲುಗಾರರನ್ನೇ ಮುಖ್ಯ ಬಲವಾಗಿಟ್ಟುಕೊಂಡು ಟೋಟೆನ್‌ಕೋಪ್ಫ್ ಡಿವಿಷನ್ ಕಟ್ಟಿದ. 1940ರ ಮೇ 27ರಂದು ಫ್ರಾನ್ಸಿನ ಲ ಪಾರಾದಿ ಎಂಬಲ್ಲಿ ಶರಣಾದ 97 ಬ್ರಿಟಿಷ್ ಸೈನಿಕರನ್ನು ಗೋಡೆಗೆ ನಿಲ್ಲಿಸಿ ಕೊಂದದ್ದು ಇದೇ ಡಿವಿಷನ್. 1943ರ ಫೆಬ್ರವರಿಯಲ್ಲಿ ಖಾರ್ಕಿವ್ ಬಳಿ ಐಕೆಯ ವಿಮಾನ ಉರುಳಿ ಅವನು ಸತ್ತ ಮೇಲೆ, ಗೌರವಾರ್ಥ ಆ ರೆಜಿಮೆಂಟಿಗೆ ಅವನ ಹೆಸರಿಟ್ಟರು. ಕುರ್ಸ್ಕ್‌ನಲ್ಲಿ ಪ್ಸೆಲ್ ನದಿ ದಾಟಿ ಆಚೆ ದಡ ಹಿಡಿದದ್ದು ಆ ರೆಜಿಮೆಂಟು. ನನ್ನ ಪುಸ್ತಕದಲ್ಲಿ ನದಿ ದಾಟಿದ ಸಾಹಸಕ್ಕೆ ಒಂದು ಪೂರ್ತಿ ಪ್ಯಾರಾ ಇತ್ತು.

ಟ್ಯಾಂಕಿನ ಲೆಕ್ಕ ತಪ್ಪಿದ್ದಕ್ಕಿಂತ ಇದು ದೊಡ್ಡ ತಪ್ಪು. ಯುದ್ಧದ ಪಟ್ಟಿ ಬರೆಯುವವನಿಗೆ ಒಂದು ಮೋಹ ಹತ್ತುತ್ತದೆ. ಅಂಕಿ, ಗುರುತು, ಹೆಸರು, ಬಾಣದ ಗುರುತಿನ ನಕ್ಷೆ; ಅವುಗಳ ಅಂದಕ್ಕೆ ಮನಸ್ಸು ಸೋಲುತ್ತದೆ. ಒಳ್ಳೆಯ ದಳ, ಕೆಟ್ಟ ದಳ ಎಂಬುದು ಚೆನ್ನಾಗಿ ಹೋರಾಡಿದ ದಳ, ಹೋರಾಡದ ದಳ ಎಂಬಷ್ಟಕ್ಕೆ ಇಳಿದುಹೋಗುತ್ತದೆ. ನನಗೆ ಹಾಗಾಗಿತ್ತು. ಎಸ್‌ಎಸ್ ಎಂದರೆ ಅಲ್ಲಿ ಗಟ್ಟಿಗ ಸೈನಿಕರು ಎಂಬ ಧ್ವನಿ ನನ್ನ ವಾಕ್ಯಗಳಲ್ಲಿತ್ತು. ಹದಿನೇಳು ಹದಿನೆಂಟರ ಮಕ್ಕಳು ಅದನ್ನು ಓದಿದರು. ಅವರಲ್ಲಿ ಕೆಲವರು ಆ ಡಿವಿಷನ್ ಹೆಸರುಗಳನ್ನು ಉತ್ಸಾಹದಿಂದ ನನಗೇ ಒಪ್ಪಿಸಿದಾಗ ಬೆನ್ನು ತಟ್ಟಿದ್ದೆ.

ಎಸ್‌ಎಸ್ ಮಾತ್ರ ಎಂದುಕೊಂಡರೂ ತಪ್ಪಾಗುತ್ತದೆ. ಮೋಡೆಲ್‌ನ 41ನೇ ಪಾಂಜರ್ ಕೋರ್‌ನಲ್ಲಿದ್ದ 18ನೇ ಪಾಂಜರ್ ಡಿವಿಷನ್ ಸಾಮಾನ್ಯ ಸೇನೆಯದು. ಕುರ್ಸ್ಕ್‌ಗೆ ಮುಂಚಿನ ವಾರಗಳಲ್ಲಿ, ಮೇ ಮತ್ತು ಜೂನ್ ಆರಂಭದಲ್ಲಿ, ಅದು ಬ್ರಿಯಾನ್ಸ್ಕ್ ಕಾಡಿನಲ್ಲಿ ಗೆರಿಲ್ಲಾಗಳ ವಿರುದ್ಧದ ದೊಡ್ಡ ಕಾರ್ಯಾಚರಣೆಯಲ್ಲಿತ್ತು. ಅಲ್ಲಿ ಊರುಗಳನ್ನು ಖಾಲಿ ಮಾಡಿಸಿ ಸುಟ್ಟರು, ಜನರನ್ನು ಹೊತ್ತೊಯ್ದರು. ದಾಳಿಯ ಹಿಂಭಾಗವನ್ನು ಸುರಕ್ಷಿತ ಮಾಡುವುದು ಎಂದು ಸೇನೆಯ ದಾಖಲೆಗಳು ಕರೆಯುವ ಕೆಲಸ ಅದೇ. ಅದೂ ಕುರ್ಸ್ಕ್‌ನ ಸಿದ್ಧತೆಯ ಭಾಗ. ಹಾಗಾದರೆ ಪಟ್ಟಿಯಲ್ಲಿ ಅದಕ್ಕೂ ಜಾಗ ಇರಬೇಕು.

ಮೂರನೇ ಮುದ್ರಣಕ್ಕೆ ಪ್ರೊಖೊರೊವ್ಕಾದ ಅಧ್ಯಾಯವನ್ನು ಪೂರ್ತಿ ತೆಗೆದು ಹೊಸದಾಗಿ ಬರೆದೆ. ಪಟ್ಟಿ ಒಂದಿದ್ದದ್ದು ಮೂರಾಯಿತು: ಜುಲೈ 5, ಜುಲೈ 11ರ ರಾತ್ರಿ, ಆಗಸ್ಟ್ ಮೊದಲ ವಾರ. ಪ್ರತಿಯೊಂದರಲ್ಲೂ ಓಡುತ್ತಿದ್ದ ಟ್ಯಾಂಕುಗಳಿಗೆ ಒಂದು ಅಂಕಣ, ದುರಸ್ತಿಯಲ್ಲಿದ್ದವಕ್ಕೆ ಇನ್ನೊಂದು. ಖಚಿತವಾದ ಸಂಖ್ಯೆ ಸಿಗದ ಕಡೆ ಮನೆ ಖಾಲಿ ಬಿಟ್ಟೆ. ಹಳೆಯ ಪ್ರತಿ ಕೊಂಡವರಿಗೆ ತಿದ್ದುಪಡಿಯ ಹಾಳೆ ಕಳಿಸಲು ಪ್ರಕಾಶಕರು ಒಪ್ಪಿದರು. ಮುನ್ನುಡಿಯಲ್ಲಿ ಸುಬೇದಾರರ ಪತ್ರವನ್ನೂ, ಅದನ್ನು ನಾನು ಎತ್ತಿಟ್ಟದ್ದನ್ನೂ ಬರೆದೆ.

ಮೂರನೇ ಪಟ್ಟಿಯಲ್ಲಿ ಲೈಬ್‌ಸ್ಟಾಂಡಾರ್ಟೆಯ ಟ್ಯಾಂಕಿನ ಅಂಕಣ ಖಾಲಿ. ಜುಲೈ ಕೊನೆಗೆ ಆ ಡಿವಿಷನ್ನನ್ನು ಇಟಲಿಗೆ ಕಳಿಸಿದರು. ಹೊರಡುವಾಗ ಅದು ತನ್ನ ಟ್ಯಾಂಕುಗಳನ್ನು ದಾಸ್ ರೈಖ್ ಮತ್ತು ಟೋಟೆನ್‌ಕೋಪ್ಫ್‌ಗೆ ಒಪ್ಪಿಸಿತು. ಮೊದಲ ಪಟ್ಟಿಯಲ್ಲಿ ಬೆಟಾಲಿಯನ್ ಮುಖ್ಯಸ್ಥನಾಗಿ ನಾನು ಹೆಸರಿಸಿದ್ದ ಯೋಆಖಿಮ್ ಪೈಪರ್‌ನ ಜನ ಸೆಪ್ಟೆಂಬರ್ 19ರಂದು ಇಟಲಿಯ ಬೋವೆಸ್ ಊರನ್ನು ಸುಟ್ಟು, ಇಪ್ಪತ್ತಕ್ಕೂ ಹೆಚ್ಚು ಊರಿನವರನ್ನು ಕೊಂದರು. ಅದೇ ತಿಂಗಳು ಅದೇ ಡಿವಿಷನ್ನಿನವರು ಮಾಜೊರೆ ಸರೋವರದ ದಡದ ಊರುಗಳಲ್ಲಿ ಯಹೂದಿ ಕುಟುಂಬಗಳನ್ನು ಹಿಡಿದು ಕೊಂದರು. ಖಾಲಿ ಅಂಕಣದ ಎದುರಿನ ಷರಾದಲ್ಲಿ ಈ ಎರಡು ವಾಕ್ಯಗಳನ್ನು ಸೇರಿಸಿದೆ. ಅವು ಜಾಗಕ್ಕೆ ಹಿಡಿಸದೆ ಪಟ್ಟಿ ಮುಂದಿನ ಪುಟಕ್ಕೆ ಹೋಯಿತು.